ಮೇಲಿನ ಗಾಳಿ

“ಸುಬ್ಬಪ್ಪಾ, ಗಾಳಿ ಎಲ್ಲಿಂದ?”

“ಕೆಳಗಿಂದ, ಒಡೇರೆ.”

“ಒಡೇರೆ ಅನ್ನಬೇಡ ಅಂತ ಎಷ್ಟು ಸಲ ಹೇಳೋದು ಮಾರಾಯ?”

“ಆಯ್ತು, ಒಡೇರೆ.”

ವಿಮಾನ ಏಳುವ ಮೊದಲು ವಾಕಿಟಾಕಿಯಲ್ಲಿ ಪ್ರತಿ ಸಲವೂ ಇದೇ ಮಾತು ನಡೆಯುತ್ತಿತ್ತು. ಒಲೆಯ ಮುಂದೆ ಕೂತ ಸೌಜನ್ಯಾಳಿಗೆ ಅದು ಬಾಯಿಪಾಠವಾಗಿತ್ತು. ಅವಳ ಮಗಳು ಲಿಖಿತಾಳಿಗಂತೂ ಅದೊಂದು ಆಟ. ತೆಂಗಿನ ಚಿಪ್ಪನ್ನು ಬಾಯಿಗೆ ಹಿಡಿದು “ಆಯ್ತು, ಒಡೇರೆ” ಎಂದು ಸುಬ್ಬಪ್ಪನ ಒಡಕು ದನಿ ತೆಗೆದು ನಗುತ್ತಿದ್ದಳು.

ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿದಾಗ ಅಲ್ಲೊಂದು ಬಯಲು ಮೇಲೆ ಬರುತ್ತದೆ. ಬಯಲಿನ ನಡುವೆ ಮುಳುಗಡೆಗೆ ಮುಂಚಿನ ರಸ್ತೆ, ಅರ್ಧ ಕಿಲೋಮೀಟರಿನಷ್ಟು, ಗೆರೆ ಎಳೆದ ಹಾಗೆ ನೇರವಾಗಿದೆ. ಎರಡೂ ಕಡೆ ಕಪ್ಪಗೆ ನಿಂತ ಮರದ ಬುಡಗಳು. ಅಷ್ಟು ವರ್ಷ ನೀರಿನಲ್ಲಿದ್ದರೂ ಕೊಳೆಯದ ಬುಡಗಳು. ಆ ರಸ್ತೆಯನ್ನೇ ಶ್ರೀರಂಗ ಹೆಗಡೆ ತನ್ನ ಓಟದ ದಾರಿ ಮಾಡಿಕೊಂಡಿದ್ದ. ದೂರದೂರುಗಳಲ್ಲಿ ವಿಮಾನ ಹಾರಿಸಿ ಸಾಗರಕ್ಕೆ ಮರಳಿದ್ದ ಅವನು ಎರಡು ಸೀಟಿನ ಪುಟ್ಟ ವಿಮಾನವೊಂದನ್ನು ತಂದು, ಸಿಗಂದೂರಿಗೆ ಬರುವವರಿಗೆ ಮೇಲಿಂದ ಹಿನ್ನೀರು ತೋರಿಸುತ್ತಿದ್ದ. ವಿಮಾನವೆನ್ನುವುದೂ ದೊಡ್ಡ ಮಾತೇ. ಆಟೋರಿಕ್ಷಾಕ್ಕೆ ರೆಕ್ಕೆ ಕಟ್ಟಿದಂತಿತ್ತು, ಬಾಗಿಲೂ ಇರಲಿಲ್ಲ.

ಸೌಜನ್ಯಾ ಕೋಣಂದೂರಿನವಳು. ಗಂಡ ರವೀಶ್ ತೀರ್ಥಹಳ್ಳಿ-ಸಾಗರ ಬಸ್ಸಿನಲ್ಲಿ ಕಂಡಕ್ಟರ್. ಬೇಸಿಗೆ ಮುಗಿಯುವವರೆಗೆ ಶ್ರೀರಂಗ ಹಾಕಿದ ಗುಡಾರದಲ್ಲಿ ಅಡುಗೆ ಮಾಡಿಕೊಡಲು ಅವಳು ಒಪ್ಪಿಕೊಂಡಿದ್ದಳು. ಅಡುಗೆ ಎಂದು ಹೇಳಿ ಕರೆದದ್ದು. ಬಂದವರಿಗೆ ಬೆಲ್ಟ್ ಬಿಗಿಯುವುದು, ಹೆದರಿ ವಾಂತಿ ಮಾಡಿಕೊಂಡವರಿಗೆ ನಿಂಬೆ ಶರಬತ್ತು ಕೊಡುವುದು, ರಸ್ತೆಗೆ ಬರುವ ಎಮ್ಮೆ ಓಡಿಸುವುದು ಎಲ್ಲವೂ ಅವಳ ಪಾಲಿಗೇ ಬಂದಿತ್ತು. ಶಾಲೆಗೆ ರಜೆಯಾದ್ದರಿಂದ ಮಗಳೂ ಜೊತೆಗೆ. ಬೆಳಗಿನ ಜಾವಕ್ಕೇ ಎದ್ದು ಸೊಂಟ ನೆಟ್ಟಗಾಗದೆ ಓಡಾಡುವ ಅಮ್ಮನ ಹಿಂದೆಯೇ ಸುತ್ತಿ ಲಿಖಿತಾ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: “ನನ್ನನ್ನ ಯಾವತ್ತು ಹತ್ತಿಸ್ತೀರಿ?”

“ಕೊನೇ ದಿನ.”

“ಕೊನೇ ದಿನ ಯಾವತ್ತು?”

“ನಿನ್ನ ಬಾಯಿ ನಿಂತ ದಿನ.”

ಗುಡಾರವಿದ್ದದ್ದು ರಸ್ತೆಯ ಎರಡೂ ತುದಿಗೆ ಸಮದೂರದಲ್ಲಿ, ಅಂಚಿಗೆ, ಹಳೆಯ ಮೋರಿಯೊಂದರ ಪಕ್ಕದಲ್ಲಿ. ಮೋರಿಯ ಮೇಲೆ ರಸ್ತೆ ಎಮ್ಮೆಯ ಬೆನ್ನಿನ ಹಾಗೆ ಉಬ್ಬಿತ್ತು. ಆ ಉಬ್ಬಿನಿಂದಾಗಿ ರಸ್ತೆಯ ಒಂದು ತುದಿಯಲ್ಲಿ ನಿಂತವರಿಗೆ ಇನ್ನೊಂದು ತುದಿ ಕಾಣುತ್ತಿರಲಿಲ್ಲ. ಅದಕ್ಕೇ ಶ್ರೀರಂಗ ಎರಡೂ ತುದಿಗೆ ಗಳ ನೆಟ್ಟು, ಕಿತ್ತಳೆ ಬಣ್ಣದ ಗಾಳಿಚೀಲ ಕಟ್ಟಿದ್ದ. ಗಾಳಿ ಬೀಸಿದ ಕಡೆಗೆ ಬಾಲ ಚಾಚುವ ಉದ್ದನೆಯ ಚೀಲ. ಮೇಲಿನ ತುದಿಯ ಚೀಲದ ಕೆಳಗೆ ಸುಬ್ಬಪ್ಪ ಒಂದು ಕೆಂಪು ಬಾವುಟ, ಒಂದು ವಾಕಿಟಾಕಿ ಹಿಡಿದು ಕೂರುತ್ತಿದ್ದ.

ಮೇಲೆ, ಕೆಳಗೆ ಎಂದರೆ ಎತ್ತರ ತಗ್ಗಿನ ಮಾತಲ್ಲ. ಆ ಸೀಮೆಯಲ್ಲಿ ಕೆಳಗೆ ಎಂದರೆ ಘಟ್ಟದ ಕೆಳಗೆ, ಕಡಲಿನ ಕಡೆ, ಪಡುವಣ. ಮೇಲೆ ಎಂದರೆ ಬಯಲುಸೀಮೆಯ ಕಡೆ, ಮೂಡಣ. ಕೆಳಗಿನ ಗಾಳಿ, ಮೇಲಿನ ಗಾಳಿ ಎಂದರೆ ಮಕ್ಕಳಿಗೂ ತಿಳಿಯುತ್ತದೆ. ವಿಮಾನ ಏಳಬೇಕಾದದ್ದು ಗಾಳಿಗೆ ಎದುರಾಗಿ. ಸುಬ್ಬಪ್ಪ “ಮೇಲಿಂದ” ಎಂದರೆ ಶ್ರೀರಂಗ ಕೆಳಗಿನ ತುದಿಗೆ ಹೋಗಿ, ಮೂಡಣಕ್ಕೆ ಮುಖ ಮಾಡಿ ಓಡಿಸುತ್ತಿದ್ದ.

ಸುಬ್ಬಪ್ಪ ಹಿನ್ನೀರಿನ ದಂಡೆಯವನೇ. ಅವನ ಅಪ್ಪ ಮುಳುಗಡೆಗೆ ಮುಂಚೆ ಹೆಗಡೆ ಮನೆತನವೊಂದರ ಗದ್ದೆ ಗೇಣಿಗೆ ಮಾಡುತ್ತಿದ್ದವನು. ಈಗ ಸುಬ್ಬಪ್ಪನದೇ ಅಡಕೆ, ಶುಂಠಿ, ಒಂದು ಟಿಲ್ಲರ್ ಎಲ್ಲ ಇದ್ದರೂ ಶ್ರೀರಂಗನನ್ನು ಕೆಣಕಲೆಂದೇ ಮಾತಿನ ಕೊನೆಗೊಂದು ‘ಒಡೇರೆ’ ಸೇರಿಸುತ್ತಿದ್ದ. ಆ ಪದವಿಲ್ಲದೆ ಅವನ ಬಾಯಿಂದ ಒಂದು ಮಾತೂ ಬೀಳುತ್ತಿರಲಿಲ್ಲ.

“ಇಲ್ಲಿ ಗಾಳಿ ಐತೆ ಅಂತಿದ್ದ ನಮ್ಮಪ್ಪ,” ಎಂದಿದ್ದ ಒಂದು ದಿನ. “ನೀರು ಇಳಿದ ಮೇಲೆ ಈ ಕಡೆ ಒಬ್ರೇ ಬರಬ್ಯಾಡಿ ಅಂತಿದ್ದ.”

“ಗಾಳಿ ಇದೆ ಅಂತ್ಲೇ ಅಲ್ವೇನೋ ನಾನು ವಿಮಾನ ತಂದಿದ್ದು,” ಎಂದು ಶ್ರೀರಂಗ ನಕ್ಕಿದ್ದ.

“ಆ ಗಾಳಿ ಅಲ್ಲ ಒಡೇರೆ.”

ಸೌಜನ್ಯಾಳಿಗೆ ನಗು ಬಂದಿರಲಿಲ್ಲ. ಒಲೆಗೆಂದು ಅವಳು ಎತ್ತಿ ತಂದಿದ್ದ ಮೂರು ಕಲ್ಲುಗಳನ್ನು ಅವತ್ತೇ ಸುಬ್ಬಪ್ಪ ತೋರಿಸಿ, “ಇದು ಯಾರದೋ ಮನೆ ಹೊಸಿಲು ತಂಗಿ. ಉಳಿ ಗುರುತು ನೋಡು. ಇದರ ಮೇಲೆ ಬೆಂಕಿ ಇಟ್ಟಿದ್ದೀಯಲ್ಲ,” ಎಂದಿದ್ದ. ಆಗಲೇ ಅನ್ನಕ್ಕೆ ಎಸರು ಕುದಿಯುತ್ತಿತ್ತು. ಬಂದವರು ಹಸಿದಿದ್ದರು. ಬೇರೆ ಕಲ್ಲು ಹುಡುಕುವಷ್ಟು ಬಿಡುವು ಅವಳಿಗೆ ಇರಲಿಲ್ಲ.

ಕಲ್ಲು ಸಿಕ್ಕಿದ ಜಾಗದಲ್ಲಿ ಒಂದು ಬಾವಿಯ ಬಾಯಿ, ಅದರ ಪಕ್ಕ ಮುರುಕು ತುಳಸಿಕಟ್ಟೆ ಇದ್ದವು. ಬಾವಿಗೆ ಹಲಗೆ ಮುಚ್ಚಿಸಿದ್ದರು. ಯಾರ ಮನೆ ಎಂದು ಸುಬ್ಬಪ್ಪನಿಗೂ ಗೊತ್ತಿರಲಿಲ್ಲ, ಶ್ರೀರಂಗನಿಗೂ ಗೊತ್ತಿರಲಿಲ್ಲ. ಶ್ರೀರಂಗನ ಅಜ್ಜನ ಮನೆ ಆ ನೀರಿನಡಿ ಎಲ್ಲೋ ಇತ್ತು ಎಂಬುದಷ್ಟೇ ಗೊತ್ತು. ಲಿಖಿತಾ ಮಾತ್ರ ದಿನಾ ನೀರು ಕುಡಿದ ಮೇಲೆ ಲೋಟದಲ್ಲಿ ಮಿಕ್ಕಿದ್ದನ್ನು ಆ ಕಟ್ಟೆಗೆ ಸುರಿದು ಬರುತ್ತಿದ್ದಳು.

“ಅಲ್ಲಿ ಗಿಡ ಎಲ್ಲುಂಟೇ?” ಎಂದರೆ,

“ಬರಬಹುದು,” ಎನ್ನುತ್ತಿದ್ದಳು.

ಕೊನೆಯ ದಿನ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಗುಡಾರದಲ್ಲಿ ಸೇರಿದರು. ಸುಬ್ಬಪ್ಪ ತನ್ನ ತುದಿಯಿಂದ ನಡೆದು ಬಂದು, ಗುಡಾರದ ಹಿಂದೆ ನಿಂತಿದ್ದ ಶ್ರೀರಂಗನ ಜೀಪಿನ ಹತ್ತಿರ ಹೋಗಿ, ಕೈಕಾಲು ತೊಳೆದು ಕೂತ. ಬಂದವರೆಲ್ಲ ಹೋಗಿಯಾಗಿತ್ತು. ನಾಳೆ ಗುಡಾರ ಕೀಳುವುದಿತ್ತು. ಹೊಸನಗರದ ದಿಕ್ಕಿನಲ್ಲಿ ಒಂದು ಮೋಡ ಎದ್ದಿತ್ತು. ಅರಳಿದ ಹೂಕೋಸಿನಂತಹ ಬಿಳಿ ತಲೆ, ಕೆಳಗೆ ಬೂದಿ ಬಣ್ಣ. ತಲೆಯ ಮೇಲೆ ಮಾತ್ರ ಬಿಸಿಲು ಚುರುಗುಟ್ಟುತ್ತಿತ್ತು.

“ಎರಡು ಚೀಲ ಯಾಕೆ ಮಾಮ? ಒಂದು ಸಾಕಲ್ಲ,” ಎಂದಳು ಲಿಖಿತಾ.

ಶ್ರೀರಂಗನಿಗೆ ಇಂಥ ಪ್ರಶ್ನೆ ಎಂದರೆ ಖುಷಿ. “ಎರಡೂ ಚೀಲದ ಬಾಲ ಒಂದೇ ಕಡೆ ಇದ್ರೆ ಹಾರಬಹುದು. ಒಂದರ ಬಾಲ ಆ ಕಡೆ, ಇನ್ನೊಂದರದ್ದು ಈ ಕಡೆ ಆಗಿ, ಜಗಳ ಆಡಿದವರ ಹಾಗೆ ಬೆನ್ನು ತಿರುಗಿಸಿದ್ರೆ, ಹಾರಬಾರದು.”

“ಯಾಕೆ?”

ಅವನು ಮಜ್ಜಿಗೆಯ ಲೋಟ ಎತ್ತಿ ಊಟದ ಹಲಗೆಯ ಮೇಲೆ ಸ್ವಲ್ಪ ಸುರಿದ. ಮಜ್ಜಿಗೆ ಹಲಗೆ ಮುಟ್ಟಿದ್ದೇ ಸುತ್ತಲೂ ದುಂಡಗೆ ಹರಡಿತು.

“ಅಯ್ಯೋ, ಒರೆಸೋಳು ಇಲ್ಲಿದ್ದೀನಿ ಹೆಗ್ಡೇರೆ,” ಎಂದಳು ಸೌಜನ್ಯಾ.

“ನೋಡು ಪುಟ್ಟಿ. ಗುಡುಗಿನ ಮೋಡ ಕೆಲವು ಸಲ ಹೀಗೇ ಗಾಳೀನ ಮೇಲಿಂದ ಸುರಿದುಬಿಡುತ್ತೆ. ಮಳೆ ಬರಬೇಕು ಅಂತಿಲ್ಲ, ಬರೀ ಗಾಳಿ. ಅದು ನೆಲ ಮುಟ್ಟಿ ಎಲ್ಲಾ ಕಡೆ ಓಡುತ್ತೆ. ವಿಮಾನ ಅದರೊಳಗೆ ಹೊಕ್ಕರೆ ಮೊದಲು ಎದುರುಗಾಳಿ ಸಿಗುತ್ತೆ. ಯಾರೋ ಎತ್ತಿ ಹಿಡಿದ ಹಾಗೆ ಆರಾಮಾಗಿ ಏಳುತ್ತೆ, ಪೈಲಟ್ ಖುಷಿಯಾಗ್ತಾನೆ. ನಡುವಿಗೆ ಬಂದಾಗ ಮೇಲಿಂದ ಒತ್ತುತ್ತೆ. ಅದನ್ನ ದಾಟಿದ್ರೆ ಗಾಳಿ ಬೆನ್ನಿಗೆ. ಅಷ್ಟೊತ್ತಿಗೆ ರೆಕ್ಕೆಗೆ ಹಿಡಿದುಕೊಳ್ಳೋಕೆ ಏನೂ ಉಳಿದಿರಲ್ಲ. ನೆಲ ಮಾತ್ರ ಹತ್ತಿರ ಇರುತ್ತೆ.”

“ಆಮೇಲೆ?”

“ಆಮೇಲೆ ಏನಿಲ್ಲ. ಮಜ್ಜಿಗೆ ಕುಡಿ.”

ಆಗ ಅವನಿಗೆ ಫೋನು ಬಂತು. ಬಯಲಿನಲ್ಲಿ ನೆಟ್‌ವರ್ಕ್ ಸಿಗುವುದು ಗುಡಾರದ ಒಂದು ಮೂಲೆಯಲ್ಲಿ ಮಾತ್ರ. ಆ ಮೂಲೆಯಲ್ಲಿ ಕತ್ತು ಓರೆ ಮಾಡಿ ನಿಂತು ತಂಗಿ ವಿನಯಾಳ ಜೊತೆ ಮನೆಮಾತಿನಲ್ಲಿ ಮಾತಾಡಿದ. “ಎಂತ ಆಯ್ದಿಲ್ಲೆ… ಅಡ್ಡಿಲ್ಲೆ, ನಾಳೆ ಬತ್ತಿ.” ಅವನು ಆ ಮಾತು ಆಡುತ್ತಿದ್ದದ್ದು ತಂಗಿಯ ಜೊತೆ ಮಾತ್ರ. ಫೋನಿಟ್ಟ ಕೂಡಲೇ ಪೇಟೆ ಕನ್ನಡಕ್ಕೆ ಮರಳುತ್ತಿದ್ದ.

“ಹೊಸನಗರದ ಕಡೆ ಮಳೆ ಹೊಡೀತಿದೆಯಂತೆ,” ಎಂದ. ಸೌಜನ್ಯಾ ಮಗಳ ಮುಖ ನೋಡಿದಳು. ಮಗಳು ಉಸಿರು ಹಿಡಿದು ಅವನ ಮುಖ ನೋಡುತ್ತಿದ್ದಳು.

“ಅದು ಇಲ್ಲಿಗೆ ಬರೋಕೆ ಹೊತ್ತಿದೆ,” ಎಂದು ಶ್ರೀರಂಗ ಬಿಸಿಲಿನ ಕಡೆ ಕೈ ತೋರಿಸಿದ. “ಇವಳನ್ನ ಒಂದು ಸುತ್ತು ಹಾಕಿಸಿ ಬಂದು, ಇಳಿಸಿ, ಹಗ್ಗ ಕಟ್ಟಿಬಿಡೋಣ. ಏನಂತೀಯಾ ಸೌಜನ್ಯಾ?”

ಬೇಡ ಎನ್ನಲು ಬಾಯಿ ತೆರೆದಳು. ಇಡೀ ಬೇಸಿಗೆ ಆ ಹುಡುಗಿಗೆ ಬೇಡ ಎನ್ನುತ್ತಲೇ ಬಂದಿದ್ದಳು. ಇನ್ನೊಂದು ಸಲ ಹೇಳಲು ತ್ರಾಣವಿರಲಿಲ್ಲ. “ಬೇಗ ಬಂದುಬಿಡಿ,” ಎಂದಳು.

ಲಿಖಿತಾ ಓಡಿ ಹೋಗಿ ಕೂತಳು. ಸೌಜನ್ಯಾ ಬೆಲ್ಟ್ ಬಿಗಿದು, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿ, ದೊಡ್ಡ ಕಿವಿಗವಸನ್ನು ಮಗಳ ಎರಡು ಜಡೆಗಳ ಮೇಲೆ ಕೂರಿಸಿದಳು. ಸುಬ್ಬಪ್ಪ ತನ್ನ ತುದಿಗೆ ನಡೆದು ಉಬ್ಬಿನಾಚೆ ಮರೆಯಾದ. ವಿಮಾನ ಗುರುಗುಟ್ಟುತ್ತ ಕೆಳಗಿನ ತುದಿಗೆ ಹೋಯಿತು.

ಸೌಜನ್ಯಾ ತನ್ನ ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಮುಂದೆ ಕೂತಳು. ಕಾಫಿಗೆ ನೀರಿಟ್ಟಳು.

ಆಗ ಅವಳಿಗೆ ಮೊದಲು ಅನ್ನಿಸಿದ್ದು ಎಂಥದೋ ನಿಂತುಹೋಗಿದೆ ಎಂದು. ಏನು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ನೀರಿನ ಅಂಚಿನಲ್ಲಿ ದಿನವಿಡೀ ಕಿರುಚುವ ಟಿಟ್ಟಿಭ ಹಕ್ಕಿಗಳು ಸುಮ್ಮನಾಗಿದ್ದವು. ಎಮ್ಮೆಗಳು ಮೇಯುವುದನ್ನು ಬಿಟ್ಟು, ಬುಡಗಳ ನಡುವೆ, ತಾವೂ ಬುಡಗಳೇ ಎನ್ನುವ ಹಾಗೆ ನಿಂತಿದ್ದವು. ಬಿಸಿಲು ಇತ್ತು, ಆದರೆ ಹಳದಿಗಟ್ಟಿತ್ತು. ತಲೆ ಎತ್ತಿ ನೋಡಿದರೆ ಮೋಡದ ಬೂದಿ ಅಂಚೊಂದು ಯಾವಾಗಲೋ ಗುಡಾರದ ನೆತ್ತಿಗೆ ಬಂದಿತ್ತು. ಅದರಿಂದ ಮಳೆಯ ಎಳೆಗಳು ಜೋತು ಬಿದ್ದಿದ್ದವು. ಆದರೆ ಒಂದೂ ನೆಲದವರೆಗೆ ಬರುತ್ತಿರಲಿಲ್ಲ. ನಡುವೆಯೇ ಆರಿಹೋಗುತ್ತಿದ್ದವು.

ಸೊಂಟದ ವಾಕಿಟಾಕಿ ಕರಕರ ಎಂದಿತು.

“ಸುಬ್ಬಪ್ಪಾ, ಗಾಳಿ ಎಲ್ಲಿಂದ? ಇಲ್ಲಿ ಚೀಲ ಮೇಲಿನ ಗಾಳಿ ತೋರಿಸ್ತಿದೆ.”

ಉತ್ತರ ಬರಲಿಲ್ಲ. ಬರೀ ಸುಯ್ಯೆನ್ನುವ ಸದ್ದು. ಶ್ರೀರಂಗ ಮತ್ತೆ ಕೇಳಿದ. “ಸುಬ್ಬಪ್ಪಾ?”

ಸದ್ದಿನ ಹಿಂದಿನಿಂದ ದನಿ ಬಂತು. ಒಡಕು ದನಿ, ತಗಡಿನೊಳಗಿಂದ ಬಂದ ಹಾಗೆ. ವಾಕಿಟಾಕಿಯಲ್ಲಿ ಎಲ್ಲರ ದನಿಯೂ ಹಾಗೆಯೇ ಕೇಳುತ್ತಿತ್ತು.

“ಗಾಳಿ ಮೇಲಿಂದ ಬತ್ತಾ ಇದ್ದು.”

“ಅಡ್ಡಿಲ್ಲೆ,” ಎಂದ ಶ್ರೀರಂಗ. ಎಂಜಿನ್ನಿನ ಸದ್ದು ಏರಿತು.

ಸೌಜನ್ಯಾಳ ಕೈಯಲ್ಲಿದ್ದ ಕಾಫಿಪುಡಿಯ ಚಮಚ ಅಲ್ಲೇ ನಿಂತಿತು. ಶ್ರೀರಂಗ ಸುಬ್ಬಪ್ಪನಿಗೆ ಯಾವತ್ತೂ ‘ಅಡ್ಡಿಲ್ಲೆ’ ಎಂದವನಲ್ಲ. ತಂಗಿಗೆ ಮಾತ್ರ ಹೇಳುವ ಮಾತು ಅದು. ಮನೆಮಾತಿನಲ್ಲಿ ಬಂದ ಮಾತಿಗೆ ಮನೆಮಾತಿನಲ್ಲೇ ಉತ್ತರ ಕೊಟ್ಟಿದ್ದ, ತನಗೇ ಅರಿವಿಲ್ಲದೆ. ‘ಬತ್ತಾ ಇದ್ದು’ ಎಂದು ಸುಬ್ಬಪ್ಪ ಎಲ್ಲಿ ಹೇಳುತ್ತಾನೆ? ಅವನದು ‘ಬತ್ತಾ ಐತೆ’. ಅಣಕಿಸಿದನೇನೋ ಎಂದುಕೊಂಡಳು. ಹಾಗೆ ಅಣಕಿಸುವ ಆಸಾಮಿಯೇ. ಆದರೆ ಮಾತಿನ ಕೊನೆಗೆ ‘ಒಡೇರೆ’ ಇರಲಿಲ್ಲ.

ಗುಂಡಿ ಒತ್ತಿದಳು. “ಸುಬ್ಬಪ್ಪಣ್ಣ, ಮಾತಾಡಿದ್ದು ನೀನೇನಾ?”

ಸುಯ್ಯೆನ್ನುವ ಸದ್ದು. ಇನ್ನೊಬ್ಬರು ಗುಂಡಿ ಒತ್ತಿ ಹಿಡಿದಾಗ ಹಾಗೆ ಬರುತ್ತದೆ. ಯಾರೋ ಗುಂಡಿ ಬಿಡದೆ ಸುಮ್ಮನೆ ಉಸಿರಾಡುತ್ತ ನಿಂತಂತೆ. ಅವಳ ಮಾತು ಎಲ್ಲಿಗೂ ಹೋಗುತ್ತಿರಲಿಲ್ಲ.

ಆಗ ಒಲೆಯ ಹೊಗೆ ಬಾಗಿತು.

ಗಾಳಿ ಬಂದಾಗ ಹೊಗೆ ಒಂದು ಕಡೆಗೆ ಬಾಗುತ್ತದೆ. ಇದು ಹಾಗೆ ಬಾಗಲಿಲ್ಲ. ನೆಟ್ಟಗೆ ಏರುತ್ತಿದ್ದದ್ದು ಯಾರೋ ಅಂಗೈಯಿಂದ ಅದುಮಿದ ಹಾಗೆ ಕೆಳಗಿಳಿಯಿತು. ಇಳಿದು, ಹೊಸಿಲ ಕಲ್ಲುಗಳನ್ನು ಮುಟ್ಟಿ, ನೆಲದ ಮೇಲೆ ಸುತ್ತಲೂ ದುಂಡಗೆ ಹರಡಿತು. ಅವಳ ಕಾಲ ಬುಡದಲ್ಲಿ ಬೂದಿ ಎಲ್ಲಾ ದಿಕ್ಕಿಗೂ ಒಂದೇ ಸಮ ಓಡಿತು, ಹಲಗೆಯ ಮೇಲೆ ಮಜ್ಜಿಗೆ ಓಡಿದ ಹಾಗೆ. ನೆತ್ತಿಯ ಮೇಲೆ ತಣ್ಣಗೆ ಏನೋ ಕೂತಿತು. ಬಿಸಿಲಲ್ಲಿದ್ದವಳಿಗೆ ಬಾವಿಯೊಳಗಿನ ತಂಪು.

ಅವಳು ಉಬ್ಬಿನ ಮೇಲೆ ಹತ್ತಿ ನೋಡಿದಳು. ಅಲ್ಲಿಂದ ಎರಡೂ ತುದಿ ಕಾಣುತ್ತಿತ್ತು. ಕೆಳಗಿನ ತುದಿಯ ಚೀಲ ಪಡುವಣಕ್ಕೆ ಬಾಲ ಚಾಚಿತ್ತು. ಮೇಲಿನ ತುದಿಯ ಚೀಲ ಮೂಡಣಕ್ಕೆ. ಎರಡೂ ಅವಳಿಗೆ ಬೆನ್ನು ಹಾಕಿದ್ದವು. ಮೇಲಿನ ಚೀಲದ ಕೆಳಗೆ ಕೆಂಪಗೆ ಏನೋ ಹುಚ್ಚು ಹಿಡಿದ ಹಾಗೆ ಬೀಸುತ್ತಿತ್ತು.

ಗಾಳಿ ಮೇಲಿಂದ ಬತ್ತಾ ಇದ್ದು. ಬಯಲುಸೀಮೆಯಿಂದ ಅಲ್ಲ. ಮೂಡಣದಿಂದ ಅಲ್ಲ. ಮೇಲಿಂದ.

ವಿಮಾನ ಓಡತೊಡಗಿತ್ತು. ಅವಳು ಚಪ್ಪಲಿ ಬಿಟ್ಟು ಅದಕ್ಕೆ ಎದುರಾಗಿ ಓಡಿದಳು. ಕೈ ಎರಡೂ ಮೇಲೆತ್ತಿ, “ಬೇಡ! ಬೇಡ!” ಎಂದು ಕೂಗುತ್ತ, ಆ ಕೂಗು ತನಗೇ ಕೇಳದೆ. ಗಾಳಿ ಬೆನ್ನಿಗೆ ಒದ್ದು ಅವಳನ್ನು ಮುಂದಕ್ಕೆ ತಳ್ಳುತ್ತಿತ್ತು. ಅದೇ ಗಾಳಿ ವಿಮಾನಕ್ಕೆ ಎದುರುಗಾಳಿಯಾಗಿತ್ತು. ದಿನವೂ ಗುಡಾರದ ಹತ್ತಿರ ಬಂದು ಏಳುತ್ತಿದ್ದದ್ದು ಇವತ್ತು ಅಲ್ಲಿಗೆ ಬರುವ ಅರ್ಧ ದಾರಿಯಲ್ಲೇ ಹಗುರವಾಯಿತು. ಚಕ್ರಗಳು ನೆಲ ಬಿಟ್ಟಿದ್ದನ್ನು ಅವಳು ಕಂಡಳು. ಒಂದು ಗೇಣು. ಎರಡು ಗೇಣು. ಗಾಜಿನ ಹಿಂದೆ ಮಗಳ ಬಾಯಿ ನಗುತ್ತ ತೆರೆದಿತ್ತು.

ಸೌಜನ್ಯಾ ನಿಂತಳು. ರಸ್ತೆಯ ನಟ್ಟನಡುವೆ, ಕಣ್ಣು ಮುಚ್ಚದೆ.

ಎಂಜಿನ್ನಿನ ಸದ್ದು ಕತ್ತರಿಸಿದ ಹಾಗೆ ನಿಂತಿತು. ವಿಮಾನ ದೊಪ್ಪನೆ ನೆಲಕ್ಕೆ ಕೂತು, ಒಮ್ಮೆ ಪುಟಿದು, ರಸ್ತೆ ಬಿಟ್ಟು ಕೆಸರಿಗೆ ಓಡಿತು. ಮುಂದಿನ ಚಕ್ರ ಹೂತು ಮೂಗು ಮಣ್ಣಿಗೆ ತಗುಲಿತು. ರೆಕ್ಕೆಯ ತುದಿ ಅವಳ ತಲೆಯಿಂದ ಒಂದು ಮಾರು ಆಚೆ ಹಾದುಹೋಗಿತ್ತು.

“ನಿನಗೆ ತಲೆ ಕೆಟ್ಟಿದೆಯಾ!” ಶ್ರೀರಂಗ ಜಿಗಿದು ಬಂದ. “ಮಗೂನ ಕೊಲ್ತಿದ್ದೆಯಲ್ಲೇ! ಎದುರಿಗೆ ಬಂದು ನಿಲ್ತಾರಾ ಯಾರಾದ್ರೂ?”

ಅವಳು ಆಗಲೇ ವಿಮಾನದ ಹತ್ತಿರ ಓಡಿದ್ದಳು. ಮಗಳ ಬೆಲ್ಟಿಗೆ ಕೈ ಹಾಕಿ, ಮೇಲೆ ಬೆರಳು ತೋರಿಸಿದಳು. ಅವನು ಮೇಲೆ ನೋಡಿದ. ಮತ್ತೆ ಉಬ್ಬಿನ ಕಡೆ ನಾಲ್ಕು ಹೆಜ್ಜೆ ಓಡಿ, ಆಚೆಯ ಚೀಲ ನೋಡಿ, ಅಲ್ಲೇ ನಿಂತ. ತಿರುಗಿದಾಗ ಅವನ ಮುಖದಲ್ಲಿ ಕೋಪವಿರಲಿಲ್ಲ.

“ಬಿಚ್ಚು,” ಎಂದ. “ಬಿಚ್ಚಿ ಎತ್ತಿಕೋ. ಜೀಪಿಗೆ. ಓಡು.”

ಅವರು ಜೀಪಿನ ಬಾಗಿಲು ಎಳೆದುಕೊಂಡದ್ದಷ್ಟೇ. ಗುಡಾರ ಮೊದಲು ನೆಲಕ್ಕೆ ಚಪ್ಪಟೆಯಾಗಿ, ಆಮೇಲೆ ಅಂಚುಗಳಲ್ಲಿ ಎದ್ದು ಹರಿದುಹೋಯಿತು. ಪಾತ್ರೆಗಳು ಬಯಲಿಗೆ ಉರುಳಿದವು. ಕೆಸರಿನಲ್ಲಿ ಮೂಗೂರಿದ್ದ ವಿಮಾನವನ್ನು ಗಾಳಿ ಒಂದು ರೆಕ್ಕೆ ಹಿಡಿದು ಎತ್ತಿ, ಮೊರ ಮಗುಚಿದ ಹಾಗೆ ಮಗುಚಿತು. ಆಮೇಲೆ ಸಿಡಿಲು, ಆಮೇಲೆ ಆಲಿಕಲ್ಲು. ಸೌಜನ್ಯಾ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅವಳ ತಲೆಯ ಮೇಲೆ ತಾನು ಬಾಗಿ ಕೂತಳು. ಲಿಖಿತಾ ಅಳಲಿಲ್ಲ.

“ಮೇಲಿಂದ ಅಂದ,” ಎಂದು ಶ್ರೀರಂಗ ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಹೇಳುತ್ತಿದ್ದ. “ಮೇಲಿಂದ ಅಂದ. ನಾನು ಮೇಲಿನ ಗಾಳಿ ಅಂದುಕೊಂಡೆ. ಅವನು ಸರಿಯಾಗೇ ಹೇಳಿದ್ದ. ನಾನೇ…”

ತಲೆ ಎತ್ತಿದವನು ಮಾತು ನಿಲ್ಲಿಸಿದ. ಸ್ಟೇರಿಂಗಿನ ಪಕ್ಕದಲ್ಲಿ, ಚಾರ್ಜಿನ ವೈರಿಗೆ ಸಿಕ್ಕಿಸಿದ ಒಂದು ವಾಕಿಟಾಕಿ ಇತ್ತು. ಪುಟ್ಟ ಕೆಂಪು ದೀಪ ಉರಿಯುತ್ತಿತ್ತು.

ಇದ್ದದ್ದೇ ಮೂರು. ಒಂದು ವಿಮಾನದಲ್ಲಿ. ಒಂದು ಸೌಜನ್ಯಾಳ ಸೊಂಟದಲ್ಲಿ.

ಬಾಗಿಲು ಬಡಿಯಿತು. ಆಲಿಕಲ್ಲಿನ ಏಟಿಗೆ ತಲೆಗೆ ಬಾವುಟ ಸುತ್ತಿಕೊಂಡಿದ್ದ ಸುಬ್ಬಪ್ಪ ಒದ್ದೆಯಾಗಿ ಒಳಗೆ ತೂರಿದ. “ಬೀಸೀ ಬೀಸೀ ತೋಳು ಬಿದ್ದುಹೋತು ಒಡೇರೆ! ಕಾಣ್ಲಿಲ್ಲೇನು? ನನ್ನ ಚೀಲ ಉಲ್ಟಾ ತಿರುಗಿತ್ತು. ಓಡಿ ಬರಣ ಅಂದ್ರೆ ಗಾಳಿ ಬಿಡಲಿಲ್ಲ.”

“ಸುಬ್ಬಪ್ಪ, ನಿನ್ನ ಸೆಟ್ಟು ಎಲ್ಲಿ?”

“ಅಗಾ, ಅಲ್ಲೇ ಐತಲ್ಲ. ಊಟಕ್ಕೆ ಬಂದಾಗ ಚಾರ್ಜಿಗೆ ಹಾಕಿದ್ದೆ. ತಗಂಡು ಹೋಗಕ್ಕೆ ಮರ್ತೆ. ಅದಕ್ಕೇ ಬೈತೀರೇನ ಅಂತ…” ಅವನು ಇಬ್ಬರ ಮುಖವನ್ನೂ ನೋಡಿ ಮಾತು ನುಂಗಿದ. “ಯಾಕೆ? ಎಂತಾತು?”

ಆಲಿಕಲ್ಲು ಜೀಪಿನ ತಗಡನ್ನು ಬಡಿಯುತ್ತಲೇ ಇತ್ತು.

ಲಿಖಿತಾ ಅಮ್ಮನ ತೋಳಿನೊಳಗಿಂದ ತಲೆ ಹೊರಗೆ ಹಾಕಿದಳು. “ಅಮ್ಮಾ, ‘ಹನಿ ತಡಿಯೆ ಕೂಸೆ’ ಅಂದ್ರೆ ಏನು?”

ಶ್ರೀರಂಗ ನಿಧಾನಕ್ಕೆ ಅವಳ ಕಡೆ ತಿರುಗಿದ. “ಯಾರು ಹೇಳಿದ್ದು?”

“ಕಿವೀಲಿ ಕೇಳ್ತಲ್ಲ. ವಿಮಾನ ಓಡೋವಾಗ. ಎರಡೆರಡು ಸಲ. ನಿಮಗೆ ಕೇಳಲಿಲ್ವಾ ಮಾಮ?”

ಅವನಿಗೆ ಕೇಳಿರಲಿಲ್ಲ. ಹೇಳಿ ಎಂದು ಸೌಜನ್ಯಾ ಕಣ್ಣಲ್ಲೇ ಒತ್ತಾಯಿಸಿದ ಮೇಲೆ, ತಗ್ಗಿದ ದನಿಯಲ್ಲಿ ಅರ್ಥ ಹೇಳಿದ: “ಸ್ವಲ್ಪ ತಡಿ, ಹುಡುಗಿ ಅಂತ.” ಅವನ ಕೈ ಚಾರ್ಜಿನ ವೈರಿನ ಕಡೆಗೆ ಹೋಗಿ, ಮುಟ್ಟದೆ ವಾಪಸ್ಸು ಬಂತು.

ಮಳೆ ಬಂದ ಹಾಗೆಯೇ ಹೋಯಿತು. ಸಂಜೆಯ ಬಿಸಿಲು ಹೊಳೆಯಿತು. ಬಯಲೆಲ್ಲ ನೀರು ನಿಂತು ಅದರಲ್ಲಿ ಆಕಾಶ ಕಾಣುತ್ತಿತ್ತು. ಟಿಟ್ಟಿಭಗಳು ಮತ್ತೆ ಕಿರುಚಾಡುತ್ತಿದ್ದವು. ಎರಡೂ ಚೀಲಗಳು ಒದ್ದೆ ಬಟ್ಟೆಯ ಹಾಗೆ ಗಳಕ್ಕೆ ಅಂಟಿದ್ದವು. ವಿಮಾನ ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿತ್ತು. ಲಿಖಿತಾ ಕೂತಿದ್ದ ಬದಿ ಪೂರಾ ಒಳಗೆ ಹೋಗಿತ್ತು. ಸೌಜನ್ಯಾ ಅದನ್ನು ಒಂದು ಸಲ ನೋಡಿದಳು, ಮತ್ತೆ ನೋಡಲಿಲ್ಲ.

ಸಿಕ್ಕಿದ ಪಾತ್ರೆಗಳನ್ನು ಸುಬ್ಬಪ್ಪ ಹೆಕ್ಕಿ ತಂದು ಜೀಪಿಗೆ ತುಂಬಿದ. ಸೌಜನ್ಯಾ ಒಲೆಯ ಮೂರು ಕಲ್ಲುಗಳ ಮುಂದೆ ಕೂತು ಮಸಿ ತಿಕ್ಕತೊಡಗಿದಳು. ಉಳಿಯ ಗುರುತು ಕಾಣುವವರೆಗೂ ತಿಕ್ಕಿದಳು. ಆಮೇಲೆ ಒಂದೊಂದನ್ನೇ ಎದೆಗವುಚಿ ಹೊತ್ತು, ಬಾವಿಯ ಹತ್ತಿರ, ಎತ್ತಿ ತಂದ ಜಾಗದಲ್ಲೇ ಸಾಲಾಗಿ ಕೂರಿಸಿದಳು. ಶ್ರೀರಂಗ ಕೊನೆಯದಕ್ಕೆ ಕೈ ಕೊಟ್ಟ. ಕಟ್ಟೆಯ ಮುಂದೆ ನಿಂತು ಏನೋ ಹೇಳಲು ತುಟಿ ತೆರೆದ. ಯಾವ ಮಾತಿನಲ್ಲಿ ಹೇಳಬೇಕೆಂದು ತಿಳಿಯದವನ ಹಾಗೆ ಸುಮ್ಮನಾದ.

“ಕತ್ತಲಾಗ್ತೈತೆ ಒಡೇರೆ, ಬನ್ನಿ,” ಎಂದ ಸುಬ್ಬಪ್ಪ ದೂರದಿಂದಲೇ. ಅವನು ಕಟ್ಟೆಯ ಹತ್ತಿರ ಬರಲಿಲ್ಲ. ಅವತ್ತು ‘ಒಡೇರೆ’ ಎಂದದ್ದಕ್ಕೆ ಶ್ರೀರಂಗ ಬೈಯಲೂ ಇಲ್ಲ.

ಯಾರ ಮನೆಯಿಂದ ಹೊರಟರೂ ‘ಹೋಗ್ತೀನಿ’ ಎನ್ನಬಾರದು, ‘ಬರ್ತೀನಿ’ ಎನ್ನಬೇಕು ಎಂದು ಸೌಜನ್ಯಾ ಮಗಳಿಗೆ ಮಾತು ಬಂದಾಗಿನಿಂದ ಹೇಳಿಕೊಟ್ಟಿದ್ದಳು. ಹೊಸಿಲ ಕಲ್ಲುಗಳ ಮುಂದೆ ಅವಳು ತಡೆದು ನಿಂತಳು. ಕೈ ಜೋಡಿಸಿದಳು. ಮಗಳನ್ನು ಉಳಿಸಿಕೊಟ್ಟ ಜಾಗ ಇದು. ಇನ್ನೊಮ್ಮೆ ಕಾಲಿಡಲು ಧೈರ್ಯ ಬಾರದ ಜಾಗವೂ ಹೌದು.

“ಹೋಗ್ತೀನಿ,” ಎಂದಳು, ಯಾರಿಗೂ ಕೇಳದ ಹಾಗೆ. ಹುಟ್ಟಿದ ಮೇಲೆ ಮೊದಲ ಸಲ.

ಜೀಪಿನತ್ತ ಹೆಜ್ಜೆ ಹಾಕಿದವಳಿಗೆ ಮಗಳು ಪಕ್ಕದಲ್ಲಿಲ್ಲ ಎಂದು ಗೊತ್ತಾಯಿತು. ತಿರುಗಿ ನೋಡಿದಳು. ಲಿಖಿತಾ ತನ್ನ ಲೋಟದಲ್ಲಿ ಮಿಕ್ಕಿದ ನೀರನ್ನು ಗಿಡವಿಲ್ಲದ ಕಟ್ಟೆಗೆ ಸುರಿಯುತ್ತಿದ್ದಳು.

“ಬರ್ತೀನಿ ಅಜ್ಜಿ,” ಎಂದಳು.

ಯಾವ ಅಜ್ಜಿ ಎಂದು ಸೌಜನ್ಯಾ ಕೇಳಲಿಲ್ಲ. ದನಿ ಹೆಂಗಸಿನದೋ ಗಂಡಸಿನದೋ ಎಂದು ಜೀಪಿನಲ್ಲಿ ಯಾರೂ ಆಡಿರಲಿಲ್ಲ. ಮಗಳ ಕೈ ಹಿಡಿದು ಎಳೆದುಕೊಳ್ಳಲು ಬಾಗಿದಾಗ ಅವಳ ಕಣ್ಣು ಕಟ್ಟೆಯ ಮೇಲೆ ಬಿತ್ತು. ಮಳೆಗೆ ನೆನೆದ ಬಯಲಿನ ಮಣ್ಣು ಇನ್ನೊಂದು ಹನಿ ಕುಡಿಯಲಾರದೆ ಎಲ್ಲೆಲ್ಲೂ ನೀರು ನಿಲ್ಲಿಸಿಕೊಂಡಿತ್ತು. ಆ ಲೋಟದ ನೀರು ಮಾತ್ರ ಸುರಿದ ಕೂಡಲೇ ಇಂಗಿ ಹೋಗಿತ್ತು.